ಡಿಸ್ಕ್ ಉಳಿದಿದೆ ಅಂದ್ರೆ ಅಕೌಂಟೂ ಉಳಿದಿದೆ

ಪ್ರಶ್ನೆ: ನಮ್ಮೂರಿನ ಹದಿನಾಲ್ಕು ಅಂಗಡಿ, ಶಾಲೆ, ಸಂಘಗಳ ವೆಬ್‌ಸೈಟುಗಳನ್ನು ಒಂದೇ ಸರ್ವರ್‌ನಲ್ಲಿ ಇಟ್ಟು ನಡೆಸುತ್ತಿದ್ದೆ. ಸೆಂಟ್‌ಓಎಸ್ 7 ಅನ್ನೋ ಲಿನಕ್ಸ್, ಮೇಲೆ ಸೈಟುಗಳನ್ನು ನೋಡಿಕೊಳ್ಳುವ ಸಿಪ್ಯಾನೆಲ್. ಮೊನ್ನೆ ಅದು ಬೂಟ್ ಆಗಲೇ ಇಲ್ಲ. ಹೊಸ ಸರ್ವರ್ ತೆಗೆದುಕೊಂಡು, ಹಳೇ ಡಿಸ್ಕನ್ನು ಅದಕ್ಕೇ ಎರಡನೇ ಡಿಸ್ಕಾಗಿ ಜೋಡಿಸಿದ್ದೇನೆ. ಬ್ಯಾಕಪ್ ಇಲ್ಲ, ಬೈಬೇಡಿ. ಅಕೌಂಟುಗಳು ವಾಪಸ್ ಬರುತ್ತವಾ?
– ಓದುಗರು, ಶಿವಮೊಗ್ಗ

ಉತ್ತರ: ಬೈಯಲ್ಲ, ಆ ಕೆಲಸ ನಿಮ್ಮ ಗ್ರಾಹಕರು ಆಗಲೇ ಮಾಡಿರುತ್ತಾರೆ. ಡಿಸ್ಕ್ ಓದಲು ಬರುತ್ತಿದ್ದರೆ ಬಹುತೇಕ ಎಲ್ಲಾ ಸಿಗುತ್ತದೆ. ಮೌಂಟ್ ಮಾಡುವುದಕ್ಕೂ (ಅಂದ್ರೆ ಅದರ ಫೈಲುಗಳನ್ನು ತೆರೆಯುವುದಕ್ಕೂ) ಮುಂಚೆ ಡಿಡಿರೆಸ್ಕ್ಯೂ ಅನ್ನೋ ನಕಲು ತೆಗೆಯುವ ಸಾಧನ ಹಾಕಿ ಪೂರ್ತಿ ಡಿಸ್ಕಿನ ನಕಲು ತೆಗೆಯಿರಿ. ಮುಂದಿನ ಪ್ರಯೋಗವೆಲ್ಲಾ ನಕಲಿನ ಮೇಲೆ. ಅಸಲಿ ಡಿಸ್ಕನ್ನು ಮುಟ್ಟಬೇಡಿ.

ಜಾಸ್ತಿ ಜನ ಮಾಡುವ ತಪ್ಪೇನು ಅಂದ್ರೆ ಹೋಮ್ ಫೋಲ್ಡರನ್ನು ಹೊಸ ಸರ್ವರ್‌ಗೆ ಸುರಿದು ಕೈತೊಳೆದುಕೊಳ್ಳುವುದು. ಪೇಜು, ಫೋಟೋ, ಮೇಲ್ ಅಲ್ಲೇ ಇರುತ್ತವೆ, ಸರಿ. ಆದರೆ ಡೇಟಾಬೇಸ್ ಇರೋದು ವಾರ್ (var) ಫೋಲ್ಡರಿನ ಕೆಳಗಿನ ಲಿಬ್‌ನಲ್ಲಿ, ಅದನ್ನು ನಡೆಸುವ ಮೈಎಸ್‌ಕ್ಯುಎಲ್‌ನ ಫೋಲ್ಡರಿನೊಳಗೆ. ಅಕೌಂಟಿನ ವಿವರ ವಾರ್ ಕೆಳಗಿನ ಸಿಪ್ಯಾನೆಲ್ ಫೋಲ್ಡರಿನಲ್ಲಿ, ಪಾಸ್‌ವರ್ಡ್ ಇಟಿಸಿ (etc) ಫೋಲ್ಡರಿನಲ್ಲಿ. ಇನ್ನೊಂದು, ಫೈಲಿನ ಒಡೆಯ ಯಾರು ಅನ್ನೋದನ್ನು ಲಿನಕ್ಸ್ ಹೆಸರಲ್ಲಿ ಅಲ್ಲ, ನಂಬರಿನಲ್ಲಿ ಬರೆದಿಟ್ಟಿರುತ್ತದೆ. ಹಳೇ ಸರ್ವರ್‌ನಲ್ಲಿ 1003 ಅಂದ್ರೆ ಶಾಲೆ, ಹೊಸದರಲ್ಲಿ ಅದೇ 1003 ಬಟ್ಟೆ ಅಂಗಡಿ ಆಗಿರಬಹುದು. ಶಾಲೆಯ ಫೈಲುಗಳೆಲ್ಲಾ ಬಟ್ಟೆ ಅಂಗಡಿಯವರ ಪಾಲು!

ಅದಕ್ಕೆ ಸುಲಭದ ದಾರಿ ಇದು. ನಕಲನ್ನು ಮೌಂಟ್ ಮಾಡಿ, ಹೊಸ ಸರ್ವರ್‌ನ ಪ್ರಾಕ್, ಸಿಸ್, ಡೆವ್ ಫೋಲ್ಡರು ಮೂರನ್ನೂ ಅದಕ್ಕೆ ಬೈಂಡ್ ಮಾಡಿ (ಅಲ್ಲೂ ಕಾಣುವಂತೆ ಜೋಡಿಸಿ), ಅದರೊಳಗೆ ಸಿಎಚ್‌ರೂಟ್ ಆಗಿ. ಈಗ ನೀವು ಹಳೇ ಸರ್ವರ್ ಒಳಗೇ ಕೂತ ಹಾಗೆ. ಹೊಸ ಸರ್ವರ್‌ನ ಮೈಎಸ್‌ಕ್ಯುಎಲ್ ನಿಲ್ಲಿಸಿ ಹಳೆಯದನ್ನು ಶುರು ಮಾಡಿ, ಸಿಪ್ಯಾನೆಲ್‌ನ pkgacct ಸ್ಕ್ರಿಪ್ಟನ್ನು ಒಂದೊಂದು ಅಕೌಂಟಿಗೂ ಓಡಿಸಿ. ಪ್ರತಿಯೊಂದಕ್ಕೂ ಒಂದು ಗಂಟು ಸಿಗುತ್ತದೆ. ಹೊರಗೆ ಬಂದು, ಹೊಸ ಮೈಎಸ್‌ಕ್ಯುಎಲ್ ಮತ್ತೆ ಶುರು ಮಾಡಿ, ರಿಸ್ಟೋರ್‌ಪಿಕೆಜಿ ಹಾಕಿದರೆ ಒಡೆತನ, ಡೇಟಾಬೇಸ್, ಮೇಲ್ ಎಲ್ಲಾ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಪಾಸ್‌ವರ್ಡೂ ಹಳೆಯದೇ ನಡೆಯುತ್ತದೆ.

ಹಳೇ ಮೈಎಸ್‌ಕ್ಯುಎಲ್ ಏಳದೆ ಹಠ ಮಾಡಿದರೆ ಇನ್ನೋಡಿಬಿ (ಮೈಎಸ್‌ಕ್ಯುಎಲ್‌ನಲ್ಲಿ ಟೇಬಲ್ಲುಗಳನ್ನು ಇಟ್ಟುಕೊಳ್ಳುವ ಭಾಗ) ಫೋರ್ಸ್ ರಿಕವರಿ ಅನ್ನೋ ಸೆಟ್ಟಿಂಗನ್ನು 1ಕ್ಕೆ ಇಟ್ಟು ನೋಡಿ, ಆಮೇಲೆ 2, 3. 4ರಿಂದ ಮೇಲೆ ಡೇಟಾನೇ ಕೆಡಬಹುದು, ಅಸಲಿ ಮುಟ್ಟಬೇಡಿ ಅಂದಿದ್ದು ಇದಕ್ಕೇ. ಒಂದು ಡೇಟಾಬೇಸಿನ ಫೋಲ್ಡರನ್ನಷ್ಟೇ ಎತ್ತಿ ಹೊಸ ಕಡೆ ಇಡೋಕೆ ಹೋಗಬೇಡಿ. ಐಬಿಡೇಟಾ1 ಅನ್ನೋ ಫೈಲ್ ಜೊತೆಗಿಲ್ಲದೆ ಇನ್ನೋಡಿಬಿ ಟೇಬಲ್ಲುಗಳು ಹೆಸರಿಗಷ್ಟೇ ಕಾಣುತ್ತವೆ, ತೆರೆಯೋಕೆ ಹೋದರೆ ಇಲ್ಲ ಅನ್ನುತ್ತದೆ.

ಮೇಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸರ್ವರ್ ಸತ್ತಿದ್ದರೆ ಕಳಿಸುವವರ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇರುತ್ತದೆ. ಹೊಸ ಸರ್ವರ್ ಎದ್ದು ನಿಂತು, ಮೇಲ್‌ಬಾಕ್ಸ್ ಇನ್ನೂ ಇಲ್ಲದಿದ್ದರೆ ಮಾತ್ರ ಅಂಥವರು ಇಲ್ಲಿಲ್ಲ ಅಂತ ಆ ಕ್ಷಣವೇ ವಾಪಸ್ ಕಳಿಸುತ್ತದೆ. ಹಾಗಾಗಿ ಮೊದಲು ಅಕೌಂಟ್, ಆಮೇಲೆ ಡಿಎನ್‌ಎಸ್ (ಸೈಟಿನ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ದಾಖಲೆ). ಅವಸರದಲ್ಲಿ ಇದನ್ನು ತಿರುಗಾಮುರುಗಾ ಮಾಡಿ ಒಂದು ಸಂಘದ ಎರಡು ದಿನದ ಮೇಲ್ ನಾನೇ ಕಳೆದಿದ್ದೇನೆ, ಇವತ್ತಿಗೂ ಅವರು ಸಿಕ್ಕಿದರೆ ಬೇರೆ ಬೀದಿ ಹಿಡಿಯುತ್ತೇನೆ.

ಪ್ರಶ್ನೆ: ಸರ್ವರ್ ಬದಲಿಸಿದ ಮೇಲೆ ನನ್ನ ಕನ್ನಡ ಲೇಖನಗಳೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿವೆ. ಹೋದವಾ?
– ಓದುಗರು, ಪುತ್ತೂರು

ಉತ್ತರ: ಎಣಿಸಿ ನೋಡಿ. "ಅಮ್ಮ" ಅನ್ನುವುದರಲ್ಲಿ ಅ, ಮ, ಒತ್ತಿಗೆ ಬೇಕಾದ ವಿರಾಮ, ಇನ್ನೊಂದು ಮ, ಒಟ್ಟು ನಾಲ್ಕು ಸಂಕೇತ. ಒಂದೊಂದಕ್ಕೂ ಯುಟಿಎಫ್-8 ಅನ್ನೋ ಅಕ್ಷರ ಬರೆದಿಡುವ ಪದ್ಧತಿಯಲ್ಲಿ 3 ಬೈಟ್. ಅಮ್ಮನ ಜಾಗದಲ್ಲಿ ಹನ್ನೆರಡರಷ್ಟು ಸೊಟ್ಟ ಅಕ್ಷರ ಕಾಣುತ್ತಿದ್ದರೆ ಬೈಟುಗಳು ಉಳಿದಿವೆ, ಸರಿ ಮಾಡಬಹುದು. ನಿಮ್ಮದು ನಾಲ್ಕು ಪ್ರಶ್ನೆ ಚಿಹ್ನೆ, ಸಂಕೇತಕ್ಕೊಂದರಂತೆ, ಅಲ್ವಾ? ಹಾಗಿದ್ರೆ ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್ ತೆರೆದು ಅದೇ ಲೇಖನ ನೋಡಿ. ಅಲ್ಲಿ ಕನ್ನಡ ಸರಿಯಾಗಿದ್ದರೆ ಸೈಟಿನ ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗನ್ನು ಯುಟಿಎಫ್8ಎಂಬಿ4ಕ್ಕೆ (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರುವ ಹೆಸರು) ಬದಲಿಸಿದರೆ ಸಾಕು. ಅಲ್ಲೂ ಪ್ರಶ್ನೆ ಚಿಹ್ನೆಯೇ ಇದ್ದರೆ ಈ ಪ್ರತಿಯಲ್ಲಿ ಕನ್ನಡ ಇಲ್ಲ. ಹಳೇ ಸರ್ವರ್‌ನ ಬಾಡಿಗೆ ಮುಗಿಯುವ ಮುಂಚೆ ಅಲ್ಲಿಂದ ಅದೇ ಯುಟಿಎಫ್8ಎಂಬಿ4 ಹೇಳಿ ಹೊಸ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆಯಿರಿ, ಇವತ್ತೇ.