ಪ್ಯಾರಿಸ್‌ನಲ್ಲಿ ಅಂಗಡಿಯಲ್ಲೇ ತಯಾರಿಸಿದ ಒಳ್ಳೆಯ ಬ್ರೆಡ್ಡನ್ನು ಗುರುತಿಸುವುದು ಹೇಗೆ?

ಮೊದಲು ಫಲಕ ನೋಡಿ. 1998ರ ಕಾನೂನಿನ ಪ್ರಕಾರ ಹಿಟ್ಟು ನಾದುವುದರಿಂದ ಹಿಡಿದು ಬೇಯಿಸುವವರೆಗೆ ಎಲ್ಲವೂ ಮಾರುವ ಜಾಗದಲ್ಲೇ ನಡೆದರೆ ಮಾತ್ರ ಅಂಗಡಿಗೆ 'ಬುಲಾಂಜರಿ' (ಬ್ರೆಡ್ ಅಂಗಡಿ) ಎಂದು ಹೆಸರಿಡಬಹುದು. ಹೊರಗಿನಿಂದ ಹೆಪ್ಪುಗಟ್ಟಿಸಿದ ಹಿಟ್ಟು ತರಿಸಿ ಬೇಯಿಸುವವರಿಗೆ ಆ ಹಕ್ಕಿಲ್ಲ. ಒಳಗೆ ಹೋದ ಮೇಲೆ ಸಾದಾ ಬಾಗೆಟ್ (ಕೋಲಿನಂತೆ ಉದ್ದನೆಯ ಬ್ರೆಡ್) ಬಿಟ್ಟು 'ಟ್ರಾಡಿಸಿಯೊಂ', ಅಂದರೆ ಸಾಂಪ್ರದಾಯಿಕ ಬಾಗೆಟ್ ಕೇಳಿ. ಬೆಲೆ ತುಸು ಹೆಚ್ಚು, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. 1993ರ ಆದೇಶದಂತೆ ಅದನ್ನು ಹೆಪ್ಪುಗಟ್ಟಿಸುವಂತಿಲ್ಲ, ರಾಸಾಯನಿಕ ಬೆರೆಸುವಂತಿಲ್ಲ. ಮುರಿದು ನೋಡಿ: ಸಿಪ್ಪೆ ಗರಿಗರಿ, ಒಳಗೆ ಕೆನೆಬಣ್ಣ, ಒಂದೊಂದು ತೂತೂ ಒಂದೊಂದು ಗಾತ್ರ.

ಹುಳಿ ಬ್ರೆಡ್ ಇಷ್ಟವಿದ್ದರೆ ಷೆರ್ಷ್-ಮಿದಿ ಬೀದಿಯಲ್ಲಿ 1932ರಿಂದ ಇರುವ ಪ್ವಾಲಾನ್ ಎಂಬ ಬ್ರೆಡ್ ಅಂಗಡಿಗೆ ಹೋಗಲೇಬೇಕು. ಸೌದೆ ಒಲೆಯಲ್ಲಿ ಬೆಂದ, ಸುಮಾರು 2 ಕಿಲೊ ತೂಗುವ ಅಲ್ಲಿನ ದುಂಡು ಬ್ರೆಡ್ ಹಲವು ದಿನ ಕೆಡುವುದಿಲ್ಲ. ಅಷ್ಟು ಬೇಡವೆಂದರೆ ಕತ್ತರಿಸಿಯೂ ಕೊಡುತ್ತಾರೆ.