ಸಬರ್ಬ್‌ನ ಪಬ್ಲಿಕ್ ಹೈಸ್ಕೂಲು: ಓದಾ, ಬ್ಯಾಂಡಾ?

ಮೊದಲು ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಅನುಕೂಲ. ಯಜಮಾನರಿಗೆ ಶಿಕಾಗೋಗೆ ವರ್ಗವಾಗಿದೆ. ಮಗಳು ಆಗಸ್ಟಿನಲ್ಲಿ ಒಂಬತ್ತನೇ ಕ್ಲಾಸು. ಸಿಟಿಯಾಚೆ ಒಂದು ಸಬರ್ಬ್‌ನಲ್ಲಿ, ರೇಟಿಂಗ್ ಹತ್ತಕ್ಕೆ ಒಂಬತ್ತು ಇರುವ ಪಬ್ಲಿಕ್, ಅಂದರೆ ಇಲ್ಲಿ ಸರ್ಕಾರಿ, ಹೈಸ್ಕೂಲಿನ ಹತ್ತಿರ ಮನೆ ನೋಡಿದ್ದೀರಿ. ಆದರೆ ಪರಿಚಯದವರೊಬ್ಬರು "ಅಲ್ಲಿ ಓದು ಕಡಿಮೆ, ಫುಟ್‌ಬಾಲು, ಬ್ಯಾಂಡು, ಡ್ಯಾನ್ಸೇ ಜಾಸ್ತಿ" ಅಂತ ಹೆದರಿಸಿದ್ದಾರೆ. ಸರ್ಕಾರಿ ಶಾಲೆಗೆ ಹಾಕುವುದಾ, ಪ್ರೈವೇಟ್ ನೋಡುವುದಾ?

ಸರ್ಕಾರಿ ಶಾಲೆಗೇ ಹಾಕಿ. ನನ್ನ ಮಗಳು ಅದೇ ಸುತ್ತಮುತ್ತಲಿನ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಓದಿದಳು. ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ನಿಜ. ಓದು ಕಡಿಮೆಯಲ್ಲ. ಆದರೆ ಆ ಫುಟ್‌ಬಾಲು, ಬ್ಯಾಂಡು ಇದೆಯಲ್ಲ, ಶಾಲೆಯ ಜೀವ ಇರುವುದೇ ಅಲ್ಲಿ. ಇದು ನನಗೆ ಅರ್ಥವಾಗೋಕೆ ಎರಡು ವರ್ಷ ಬೇಕಾಯಿತು.

ಸರ್ಕಾರಿ ಶಾಲೆ ಅಂದಕೂಡಲೇ ನಮ್ಮ ತಲೆಗೆ ಬರುವುದು ವಿಧಾನಸೌಧದಿಂದ ಬರುವ ಆದೇಶ, ತಪಾಸಣೆಗೆ ಬರುವ ಬಿಇಒ. ಇಲ್ಲಿ ಶಾಲೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಶಾಲೆಗಳಿಗೇ ಅಂತ ಇರುವ ಸ್ಥಳೀಯ ಸಂಸ್ಥೆ. ಅದರ ಬೋರ್ಡಿಗೆ ಊರಿನವರೇ ಓಟು ಹಾಕಿ ಜನರನ್ನು ಆರಿಸುತ್ತಾರೆ. ಶಿಕಾಗೋ ಇರುವ ಇಲಿನಾಯ್ ರಾಜ್ಯದ ಸಬರ್ಬ್‌ಗಳಲ್ಲಿ ಸಾಮಾನ್ಯವಾಗಿ ಏಳು ಜನ, ಸಂಬಳ ಇಲ್ಲ. ಮೀಟಿಂಗಿಗೆ ಯಾರು ಬೇಕಾದರೂ ಹೋಗಿ ಮೈಕ್ ಮುಂದೆ ನಿಂತು ಕೆಲವು ನಿಮಿಷ ಮಾತಾಡಬಹುದು. ನಾನೂ ಒಂದು ಸಲ ಹೋಗಿದ್ದೆ. ಈಜುಕೊಳದ ರಿಪೇರಿ ಬಗ್ಗೆ ಒಂದೂವರೆ ಗಂಟೆ ಚರ್ಚೆ ಕೇಳಿ ನಿದ್ದೆ ಬಂತು ಅನ್ನುವುದು ಬೇರೆ ಮಾತು.

ದುಡ್ಡು ಎಲ್ಲಿಂದ? ದೊಡ್ಡ ಪಾಲು ಮನೆ ತೆರಿಗೆಯಿಂದ. ಇಲಿನಾಯ್‌ನಲ್ಲಿ ಇದು ವರ್ಷಕ್ಕೆ ಮನೆಯ ಬೆಲೆಯ ಶೇಕಡಾ 2ರ ಆಸುಪಾಸು. ಅಂದರೆ 4 ಲಕ್ಷ ಡಾಲರ್ ಮನೆಗೆ ಸುಮಾರು 8 ಸಾವಿರ. ಮನೆಯ ಕಂತಿನ ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ, ತುಂಬ ಜನ ಮರೆಯುತ್ತಾರೆ. ಬಿಲ್ಲಿನಲ್ಲಿ ಲೈಬ್ರರಿಗೆ ಇಷ್ಟು, ಪಾರ್ಕಿಗೆ ಇಷ್ಟು, ಹೈಸ್ಕೂಲಿಗೆ ಇಷ್ಟು ಅಂತ ಸಾಲುಸಾಲಾಗಿ ಬರೆದಿರುತ್ತದೆ. ನಮ್ಮ ಎದುರುಮನೆಯ ಅಜ್ಜನಿಗೆ ಮಕ್ಕಳೇ ಇಲ್ಲ, ಆದರೂ ಕಟ್ಟುತ್ತಾನೆ. ಬಿಲ್ಲು ಬಂದ ದಿನ ಬೈಯುತ್ತಾನೆ. ಶುಕ್ರವಾರ ಬಂದರೆ ಶಾಲೆಯ ಹೆಸರಿರುವ ಟೋಪಿ ಹಾಕಿಕೊಂಡು ಮ್ಯಾಚಿಗೆ ಹೊರಡುತ್ತಾನೆ.

ಆ ಶುಕ್ರವಾರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಶುಕ್ರವಾರ ಸಂಜೆ ಅಮೆರಿಕನ್ ಫುಟ್‌ಬಾಲ್. ಹೈಸ್ಕೂಲ್ ಆಟದಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್. ಹೇಳೋಕೆ 48 ನಿಮಿಷ, ಮುಗಿಯೋಕೆ ಎರಡು ಗಂಟೆ ಮೇಲೆ. ಮಗಳು ಬ್ಯಾಂಡಿಗೆ ಸೇರಿದ್ದರಿಂದ ನನ್ನನ್ನು ತಿಂಡಿ ಅಂಗಡಿಗೆ ಹಾಕಿದ್ದರು. ಸ್ಟೇಡಿಯಂ ಪಕ್ಕ ಒಂದು ಸಣ್ಣ ಕಾಂಕ್ರೀಟ್ ಕೋಣೆ, ಎರಡು ಕಿಟಕಿ. ಒಳಗೆ ಪಾಪ್‌ಕಾರ್ನ್ ಮೆಷಿನ್, ಹಾಟ್‌ಡಾಗ್ ತಿರುಗುವ ರೋಲರ್, ಮೂಲೆಯಲ್ಲಿ ಕಾಫಿ ಮತ್ತು ಹಾಟ್ ಚಾಕೊಲೇಟ್. ಬಂದ ಲಾಭ ಬ್ಯಾಂಡಿನ ಬಸ್ಸಿಗೆ, ಯೂನಿಫಾರ್ಮಿಗೆ. ಗಲ್ಲಾಪೆಟ್ಟಿಗೆಯಲ್ಲಿ ಕೂತವರು ನಮ್ಮ ಹಲ್ಲಿನ ಡಾಕ್ಟರು. ನಾನು ನಾಚೋಸ್ ಮೇಲೆ ಚೀಸ್ ಸುರಿಯುವವನು. ಚೀಸ್ ಪಂಪು ಚಳಿಗೆ ಗಟ್ಟಿಯಾಗಿ, ಒತ್ತಿದರೆ ಒಂದು ಸಲ ಏನೂ ಬರುತ್ತಿರಲಿಲ್ಲ, ಇನ್ನೊಂದು ಸಲ ತೋಳಿನವರೆಗೂ. ಪ್ರಿನ್ಸಿಪಾಲರು ಸಾಲಿನಲ್ಲಿ ನಿಂತು ಕಾಫಿ ತಗೊಂಡು ದುಡ್ಡು ಕೊಟ್ಟು ಹೋದರು. ಯಾರೂ ಅವರಿಗೆ ದಾರಿ ಬಿಡಲಿಲ್ಲ.

ನನಗೆ ತುಂಬ ಇಷ್ಟವಾದದ್ದು ಒಂದು ಪದ್ಧತಿ. ಅಂಗಡಿಗೆ ಜನ ನುಗ್ಗುವುದೇ ಹಾಫ್‌ಟೈಮಿನಲ್ಲಿ. ಬ್ಯಾಂಡಿನ ಮಕ್ಕಳು ಮೈದಾನಕ್ಕೆ ಇಳಿಯುವುದೂ ಆಗಲೇ. ಎರಡನೇ ಕ್ವಾರ್ಟರ್ ಮುಗಿಯೋಕೆ ಎರಡು ನಿಮಿಷ ಇರುವಾಗ ಈಜು ತಂಡದ ಮಕ್ಕಳ ಅಪ್ಪ ಅಮ್ಮಂದಿರು ಹಿಂಬಾಗಿಲಿನಿಂದ ಬಂದು, ನಮ್ಮ ಏಪ್ರನ್ ಬಿಚ್ಚಿಸಿಕೊಂಡು, "ಹೋಗಿ ನೋಡಿ" ಅಂತ ಹೊರಗೆ ಕಳಿಸಿಬಿಡುತ್ತಾರೆ. ಚಳಿಗಾಲದಲ್ಲಿ ಈಜಿನ ಸ್ಪರ್ಧೆ ಇದ್ದಾಗ ನಾವು ಹೋಗಿ ಅವರ ಟೈಮಿಂಗ್ ಬರೆದುಕೊಡುತ್ತೇವೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಅವತ್ತು ನಮ್ಮ ತಂಡ 42–7ರಲ್ಲಿ ಸೋತಿತು. ಮಗಳ ಕೈಯಿಂದ ಬಾವುಟ ಜಾರಿ ಬಿತ್ತು, ಎತ್ತಿಕೊಂಡಳು. ಅವಳಿಗೆ ಯಾವ ವಾದ್ಯವೂ ಬರುತ್ತಿರಲಿಲ್ಲ. ಬ್ಯಾಂಡಿನ ಜೊತೆ ಬಾವುಟ ತಿರುಗಿಸುವ ಕಲರ್ ಗಾರ್ಡ್‌ಗೆ ಅನುಭವ ಬೇಡ ಅಂತ ಅಲ್ಲಿಗೆ ಸೇರಿಸಿಕೊಂಡಿದ್ದರು. ಮ್ಯಾಚ್ ಮುಗಿದ ಮೇಲೆ ಸೋತ ಹುಡುಗರೇ ಹೆಲ್ಮೆಟ್ ಕೈಯಲ್ಲಿ ಹಿಡಿದು ಬ್ಯಾಂಡಿನ ಮುಂದೆ ಬಂದು ಸಾಲಾಗಿ ನಿಂತರು. ಬ್ಯಾಂಡು ಶಾಲೆಯ ಹಾಡು ನುಡಿಸಿತು. ಗೆದ್ದರೂ ಹೀಗೇ, ಸೋತರೂ ಹೀಗೇ. ಅರ್ಧ ಜನಕ್ಕೆ ಆಟದ ನಿಯಮವೇ ಗೊತ್ತಿಲ್ಲ, ನನಗಂತೂ ಇವತ್ತಿಗೂ ಗೊತ್ತಿಲ್ಲ. ತೇರಿನ ಹಗ್ಗ ಹಿಡಿದವರಿಗೆಲ್ಲ ಗಾಲಿಯ ಲೆಕ್ಕ ಗೊತ್ತಿರುತ್ತದಾ?

ಇನ್ನು ಡ್ಯಾನ್ಸು. ವರ್ಷದಲ್ಲಿ ಮುಖ್ಯವಾಗಿ ಎರಡು. ಶರತ್ಕಾಲದಲ್ಲಿ ಹೋಮ್‌ಕಮಿಂಗ್: ಹಳೇ ವಿದ್ಯಾರ್ಥಿಗಳು ಊರಿಗೆ ಬರುವ ವಾರ. ಒಂದು ದಿನ ಮಕ್ಕಳು ಪೈಜಾಮದಲ್ಲೇ ಶಾಲೆಗೆ ಬರುತ್ತಾರೆ, ಇನ್ನೊಂದು ದಿನ ಮುಖ್ಯ ರಸ್ತೆಯಲ್ಲಿ ಮೆರವಣಿಗೆ, ಅಗ್ನಿಶಾಮಕದವರ ಗಾಡಿಯೂ ಸೇರಿ. ಶುಕ್ರವಾರ ಮ್ಯಾಚು, ಶನಿವಾರ ಡ್ಯಾನ್ಸು. ಟೆಕ್ಸಸ್‌ನಲ್ಲಿರುವ ನಮ್ಮ ನೆಂಟರ ಮಗಳು ಹೋಮ್‌ಕಮಿಂಗ್‌ಗೆ ಎದೆಯ ಮೇಲೆ ತಟ್ಟೆ ಗಾತ್ರದ ಸೇವಂತಿಗೆ, ಮೊಣಕಾಲಿನವರೆಗೆ ರಿಬ್ಬನ್ನು, ಗೆಜ್ಜೆ ಎಲ್ಲ ಕಟ್ಟಿಕೊಂಡ ಫೋಟೋ ಕಳಿಸಿದ್ದಳು. ಅದು ಆ ಕಡೆಯ ಪದ್ಧತಿ, ನಿಮಗೆ ಆ ಖರ್ಚಿಲ್ಲ. ಎರಡನೆಯದು ಪ್ರಾಮ್, ವಸಂತದಲ್ಲಿ, ಹೆಚ್ಚಾಗಿ ಕೊನೆಯ ಎರಡು ವರ್ಷದವರಿಗೆ. ಬಾಗಿಲಲ್ಲಿ ಟೀಚರುಗಳು ನಿಂತಿರುತ್ತಾರೆ. ಜೋಡಿಯಾಗಿಯೇ ಹೋಗಬೇಕು ಅಂತೇನಿಲ್ಲ. ನನ್ನ ಮಗಳು ಎಂಟು ಹುಡುಗಿಯರ ಗುಂಪಿನಲ್ಲಿ ಹೋಗಿ, ಕಾಲು ನೋವು ಅಂತ ಹತ್ತೂವರೆಗೇ ಫೋನ್ ಮಾಡಿದಳು. ಮನೆಯಲ್ಲಿ ಎದೆ ಹೊಡೆದುಕೊಂಡು ಕೂತಿದ್ದು ನಾವು ಮಾತ್ರ.

ಓದಿನ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ತರಹದ ಒಂದೇ ದೊಡ್ಡ ಪರೀಕ್ಷೆ ಇಲ್ಲ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಗ್ರೇಡು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂಬತ್ತನೇ ಕ್ಲಾಸು ಸುಮ್ನೆ ಕಳೆಯುವ ವರ್ಷವಲ್ಲ. ಜೋರಾಗಿ ಓದುವವರಿಗೆ ಎಪಿ ಅನ್ನುವ ಕಾಲೇಜು ಮಟ್ಟದ ಕೋರ್ಸುಗಳಿವೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಅಥವಾ ಮೇಲೆ ಬಂದರೆ ಇಲಿನಾಯ್‌ನ ಸರ್ಕಾರಿ ಯೂನಿವರ್ಸಿಟಿಗಳು ಕ್ರೆಡಿಟ್, ಅಂದರೆ ಕಾಲೇಜಿನಲ್ಲಿ ಓದಿದ ಲೆಕ್ಕ, ಕೊಡಲೇಬೇಕು ಅಂತ ಕಾನೂನಿದೆ, ಕಾಲೇಜಿನ ಫೀಸು ಅಷ್ಟು ಉಳಿಯುತ್ತದೆ. ನಮ್ಮ ಶಾಲೆಯಲ್ಲಿ ಎಪಿ ಕೆಮಿಸ್ಟ್ರಿ ಲ್ಯಾಬಿನಿಂದ ನಾಲ್ಕು ಬಾಗಿಲು ದಾಟಿದರೆ ಮರಗೆಲಸದ ಕೋಣೆ, ಅದರಾಚೆ ಕಾರ್ ರಿಪೇರಿ ಶೆಡ್ಡು. ಎರಡಕ್ಕೂ ಅದೇ ಮಕ್ಕಳು ಹೋಗುತ್ತಾರೆ. ಮಗಳು ಮರಗೆಲಸದ ಕ್ಲಾಸಿನಲ್ಲಿ ಅಜ್ಜಿಗೆ ಅಂತ ಒಂದು ಮಣೆ ಮಾಡಿದಳು. ಮೇಷ್ಟ್ರು ತಿರುಗಿಸಿ ನೋಡಿ, ಇದಕ್ಕೆ ಕಾಲು ಯಾವಾಗ ಜೋಡಿಸುತ್ತೀಯ ಅಂತ ಕೇಳಿದರಂತೆ. ಮರ ಸೀಳದ ಹಾಗೆ ಅಡಿಪಟ್ಟಿ ಕೂರಿಸುವುದನ್ನು ಅವರೇ ಹೇಳಿಕೊಟ್ಟರು. ಮಣೆ ಈಗ ನಮ್ಮ ದೇವರ ಮುಂದಿದೆ.

ಶಾಲಾ ಪತ್ರಿಕೆಯ ಬಗ್ಗೆಯೂ ಒಂದು ಮಾತು. ಮಕ್ಕಳು ಅದರಲ್ಲಿ ಪಾರ್ಕಿಂಗ್ ಫೀಸ್ ಜಾಸ್ತಿ ಮಾಡಿದ್ದಕ್ಕೆ ಶಾಲೆಯನ್ನೇ ಝಾಡಿಸಿ ಬರೆದಿದ್ದರು. ಇಲಿನಾಯ್‌ನಲ್ಲಿ 2016ರಿಂದ ವಿದ್ಯಾರ್ಥಿ ಪತ್ರಕರ್ತರಿಗೆ ಪ್ರತ್ಯೇಕ ಕಾನೂನಿನ ರಕ್ಷಣೆ ಇದೆ, ಹಾಗಾಗಿ ಲೇಖನ ಹಾಗೇ ಅಚ್ಚಾಯಿತು. ಫೀಸ್ ಮಾತ್ರ ಇಳಿಯಲಿಲ್ಲ.

ಪ್ರೈವೇಟಿಗಿಂತ ಸರ್ಕಾರಿ ಶಾಲೆಗಳು ನಿಜವಾಗಿ ಮುಂದಿರುವ ಜಾಗ ಇನ್ನೊಂದಿದೆ. 1975ರ ಕಾನೂನಿನ ಪ್ರಕಾರ, ಕಲಿಕೆಯ ತೊಂದರೆ ಅಥವಾ ಅಂಗವೈಕಲ್ಯ ಇರುವ ಮಗುವಿಗೆ ಬೇಕಾದ ಶಿಕ್ಷಣವನ್ನು ಸರ್ಕಾರಿ ಶಾಲೆ ಪುಕ್ಕಟೆ ಕೊಡಲೇಬೇಕು. ಮಗುವಿಗಾಗಿಯೇ ಐಇಪಿ ಅನ್ನುವ ಯೋಜನೆ ಬರೆಯುತ್ತಾರೆ, ಅಪ್ಪ ಅಮ್ಮನನ್ನು ಕೂರಿಸಿಕೊಂಡು. ಪ್ರೈವೇಟ್ ಶಾಲೆಗಳಿಗೆ ಈ ಹೊಣೆ ಇಲ್ಲ, "ನಮ್ಮಲ್ಲಿ ಆಗಲ್ಲ" ಅಂದುಬಿಡಬಹುದು. ಬ್ಯಾಂಡಿನಲ್ಲಿ ಮಗಳ ಜೊತೆ ಆಟಿಸಂ ಇರುವ ಒಬ್ಬ ಹುಡುಗ ದೊಡ್ಡ ತಾಳದಂಥ ಸಿಂಬಲ್ ಬಾರಿಸುತ್ತಿದ್ದ. ಅವನಿಗೆ ಗದ್ದಲ ತಡೆಯೋಕೆ ಆಗುತ್ತಿರಲಿಲ್ಲ, ಕಿವಿಗೆ ದೊಡ್ಡ ಮಫ್ ಹಾಕಿಕೊಂಡು ಬಾರಿಸುತ್ತಿದ್ದ. ತಾಳ ಒಂದು ದಿನವೂ ತಪ್ಪಲಿಲ್ಲ.

ಹುಡುಗಿಯರ ಆಟಕ್ಕೂ ಹೀಗೇ ಒಂದು ಕಾನೂನು, 1972ರ ಟೈಟಲ್ ನೈನ್. ಹುಡುಗರಿಗೆ ಅವಕಾಶ ಕೊಟ್ಟು ಹುಡುಗಿಯರಿಗೆ ಇಲ್ಲ ಅನ್ನುವ ಹಾಗಿಲ್ಲ. ನಿಮ್ಮ ಮಗಳಿಗೆ ಆಟ ಇಷ್ಟವಿದ್ದರೆ ಖಂಡಿತ ಹಾಕಿ.

ಈಗ ಕಹಿ ಮಾತು. ಮನೆ ತೆರಿಗೆಯಿಂದ ಶಾಲೆ ನಡೆಯುತ್ತದೆ ಅಂದೆನಲ್ಲ, ಅದರ ಅರ್ಥ ಮನೆ ದುಬಾರಿ ಇರುವ ಊರಿನ ಶಾಲೆಗೆ ದುಡ್ಡು ಜಾಸ್ತಿ, ಹತ್ತು ಮೈಲಿ ಆಚೆ ಕಡಿಮೆ. ಇದು ಸರಿಯಲ್ಲ ಅಂತ ಟೆಕ್ಸಸ್‌ನ ಪೋಷಕರು ಸುಪ್ರೀಂ ಕೋರ್ಟಿನವರೆಗೂ ಹೋಗಿ 1973ರಲ್ಲಿ ನ್ಯಾಯಾಧೀಶರ 5–4ರ ತೀರ್ಪಿನಲ್ಲಿ ಸೋತರು. ಇಲಿನಾಯ್ 2017ರಲ್ಲಿ ಹೊಸ ಲೆಕ್ಕ ತಂದು, ಹಿಂದೆ ಬಿದ್ದ ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯದ ಹೊಸ ಹಣ ಮೊದಲು ಹೋಗುವ ಹಾಗೆ ಮಾಡಿದೆ. ಅಂತರ ಮಾತ್ರ ಇನ್ನೂ ಇದೆ. ನೀವು ನೋಡಿದ ಆ ರೇಟಿಂಗ್ ಹೆಚ್ಚಾಗಿ ಪರೀಕ್ಷೆಯ ಅಂಕದಿಂದ ಕಟ್ಟಿದ್ದು, ಅಂಕ ಮನೆಯ ಆದಾಯದ ಬೆನ್ನು ಹಿಡಿದು ಹೋಗುತ್ತದೆ. ಒಂಬತ್ತಕ್ಕೂ ಏಳಕ್ಕೂ ನಡುವೆ ಎಷ್ಟೋ ಸಲ ಟೀಚರ್ ವ್ಯತ್ಯಾಸವಿಲ್ಲ, ಮನೆ ಬೆಲೆಯ ವ್ಯತ್ಯಾಸ ಇದೆ. ಏಳರ ಶಾಲೆಯನ್ನೂ ಹೋಗಿ ನೋಡಿ.

ಒಂಬತ್ತು, ಹತ್ತರ ಶಾಲೆಗಳಲ್ಲಿ ಇನ್ನೊಂದು ಕಾಯಿಲೆ ಇದೆ: ಪೈಪೋಟಿ. ಯಾರು ಎಷ್ಟು ಎಪಿ ತಗೊಂಡರು ಅಂತ ಮಕ್ಕಳಿಗಿಂತ ಅಪ್ಪಂದಿರಿಗೆ ಜಾಸ್ತಿ ಗೊತ್ತಿರುತ್ತದೆ. ಇದನ್ನು ಹಚ್ಚಿದವರಲ್ಲಿ ನಮ್ಮವರ ಪಾಲೂ ಇದೆ, ಸುಳ್ಳು ಹೇಳಲಾರೆ. ಮತ್ತೆ ಲಾಕ್‌ಡೌನ್ ಡ್ರಿಲ್. ಬಂದೂಕು ಹಿಡಿದವನು ಒಳಗೆ ಬಂದರೆ ಏನು ಮಾಡಬೇಕು ಅಂತ ವರ್ಷಕ್ಕೊಮ್ಮೆಯಾದರೂ ಅಭ್ಯಾಸ ಮಾಡಿಸುತ್ತಾರೆ. ಮೊದಲ ಸಲ ಅದು ಆದ ದಿನ ಮಗಳು ಊಟಕ್ಕೆ ಕೂತು, "ಲೈಟ್ ಆರಿಸಿ ಗೋಡೆಗೆ ಒರಗಿ ಕೂತಿದ್ವಿ, ಯಾರೋ ನಕ್ಕರು, ಮಿಸ್ ಬೈದರು" ಅಂತ ಮಾಮೂಲಿ ಸುದ್ದಿಯ ಹಾಗೆ ಹೇಳಿದಳು. ಅವಳಮ್ಮ ಊಟ ಬಿಟ್ಟು ಎದ್ದಳು.

ನಾವು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ "ಗಣಿತ" ಅಂತ ಒಂದೇ ಪದ ಇರುತ್ತದೆ. ಇಲ್ಲಿ ಆಲ್ಜಿಬ್ರಾ ಒಂದು ವರ್ಷ, ಜ್ಯಾಮಿತಿ ಇನ್ನೊಂದು ವರ್ಷ. ನಮ್ಮದರಲ್ಲಿ ಎರಡೂ ಸೇರಿದೆ ಅಂತ ಶಾಲೆಯಲ್ಲಿ ಗೊತ್ತಾಗದೆ, ಅವಳನ್ನು ಆಲ್ಜಿಬ್ರಾ ಕ್ಲಾಸಿಗೆ ಮೊದಲ ಪಾಠದಿಂದ ಕೂರಿಸಿದರು. ನಾವೂ ಕೇಳಲಿಲ್ಲ. ಅರ್ಧ ವರ್ಷ ಹೋಯಿತು. ಹೋದ ಎರಡು ವರ್ಷದ ಗಣಿತ ಪುಸ್ತಕದ ಪರಿವಿಡಿ ಪುಟಗಳನ್ನು ಫೋಟೋ ತೆಗೆದು ತನ್ನಿ, ಯಾವ ಮಟ್ಟದ ಕ್ಲಾಸಿಗೆ ಅಂತ ನೋಡುವ ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಲಸಿಕೆ ಕಾರ್ಡು ಬೇಕೇ ಬೇಕು. ಇಲಿನಾಯ್‌ನಲ್ಲಿ ಒಂಬತ್ತನೇ ಕ್ಲಾಸಿಗೆ ಹೊಸದಾಗಿ ವೈದ್ಯರ ತಪಾಸಣೆಯೂ ಆಗಬೇಕು. ಬಾಡಿಗೆ ಕರಾರು ಇದ್ದರೂ ವಿಳಾಸಕ್ಕೆ ಸಾಕು, ಮನೆ ಕೊಳ್ಳಲೇಬೇಕು ಅಂತಿಲ್ಲ. ಕೊಳ್ಳುವುದಾದರೆ ಬ್ರೋಕರ್ ಮಾತು ನಂಬದೆ ಡಿಸ್ಟ್ರಿಕ್ಟಿಗೇ ಫೋನ್ ಮಾಡಿ ಮನೆ ನಂಬರ್ ಹೇಳಿ ಕೇಳಿ. ರಸ್ತೆಯ ಈ ಕಡೆ ಒಂದು ಶಾಲೆ, ಆ ಕಡೆ ಇನ್ನೊಂದು ಇರುವುದುಂಟು.

ಆಮೇಲೆ, ಜುಲೈ ಕೊನೆಯೊಳಗೆ ಬಂದುಬಿಡಿ. ಬ್ಯಾಂಡ್ ಕ್ಯಾಂಪ್ ಶಾಲೆ ಶುರುವಾಗುವ ಮುಂಚೆಯೇ ನಡೆಯುತ್ತದೆ. ಮಗಳಿಗೆ ಏನೂ ನುಡಿಸೋಕೆ ಬರದಿದ್ದರೂ ಕರೆದುಕೊಂಡು ಹೋಗಿ ಕೇಳಿ. ಮೊದಲ ದಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಾಗ ಕೈಬೀಸಿ ಕರೆಯುವ ಹತ್ತು ಜನ ಇರುತ್ತಾರೆ, ಹೊಸ ದೇಶದಲ್ಲಿ ಅದು ಸಣ್ಣದಲ್ಲ. ಆಮೇಲೆ ನಿಮಗೂ ತಿಂಡಿ ಅಂಗಡಿಯ ಪಟ್ಟಿ ಬರುತ್ತದೆ. ಚೀಸ್ ಪಂಪಿನ ಹತ್ತಿರ ಹೋಗಬೇಡಿ. ಕಾಫಿ ಮೂಲೆಗೆ ಹೆಸರು ಬರೆಸಿ, ಅಕ್ಟೋಬರಿನಲ್ಲಿ ಅಲ್ಲೊಂದೇ ಬೆಚ್ಚಗಿರುವುದು.