ಸೈಡ್‌ಕಾರ್ ಮಾಡುತ್ತಿದ್ದ ಪುಟ್ಟ ಕಂಪನಿ ಜಾಗ್ವಾರ್ ಆಗಿದ್ದು ಹೇಗೆ?

ಎಂಜಿನ್ ತಯಾರಿಸುವ ದುಬಾರಿ ಕೆಲಸಕ್ಕೆ ಕೈ ಹಾಕದೆ, ಬೇರೆಯವರ ಕಾರಿಗೆ ಚಂದದ ಬಾಡಿ ಕಟ್ಟಿ ಮಾರಿದ್ದರಿಂದ. ಗುಟ್ಟು ಅಷ್ಟೇ.

1922ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್ಲಿ 'ಸ್ವಾಲೋ' ಹೆಸರಲ್ಲಿ ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಜೋಡಿಸುವ ಸೀಟಿನ ಪುಟ್ಟ ಗಾಡಿ, ಮಾಡಲು ಶುರು ಮಾಡಿದರು. 1927ರಲ್ಲಿ ಆಸ್ಟಿನ್ ಸೆವೆನ್ ಎಂಬ ಅಗ್ಗದ ಕಾರಿನ ಚಾಸಿ, ಅಂದರೆ ಎಂಜಿನ್ ಮತ್ತು ಚಕ್ರ ಇರುವ ಬರೀ ಚೌಕಟ್ಟು, ತಂದು ಅದರ ಮೇಲೆ ತಮ್ಮದೇ ಬಾಡಿ ಕೂರಿಸಿದರು. ನೋಡಲು ಶ್ರೀಮಂತರ ಕಾರು, ಬೆಲೆ ಮಾತ್ರ ಕಮ್ಮಿ. ಯಾರು ಬೇಡ ಅಂತಾರೆ? ಲಂಡನ್ನಿನ ಹೆನ್ಲೀಸ್ ಡೀಲರ್ ಒಂದೇ ಸಲ 500 ಕಾರಿಗೆ ಆರ್ಡರ್ ಕೊಟ್ಟಿತು. ಬ್ಲ್ಯಾಕ್‌ಪೂಲ್‌ನಲ್ಲಿ ಅಷ್ಟು ಮಾಡಲು ಜಾಗವೂ ಇಲ್ಲ, ನುರಿತ ಕೆಲಸಗಾರರೂ ಸಾಲದು. ಹಾಗಾಗಿ 1928ರಲ್ಲಿ ಕಾರು ಉದ್ಯಮದ ಊರಾದ ಕೋವೆಂಟ್ರಿಗೇ ಹೋದರು.

ಅಲ್ಲಿ 'ಸ್ಟ್ಯಾಂಡರ್ಡ್' ಎಂಬ ಕಾರು ಕಂಪನಿ ಇವರಿಗೆಂದೇ ಚಾಸಿ ಮಾಡಿಕೊಟ್ಟಿತು. 1931ರಲ್ಲಿ ಬಂದ ಎಸ್‌ಎಸ್ 1 ಕಾರಿನ ಬೆಲೆ 310 ಪೌಂಡ್, ಆದರೆ ಅದರ ಉದ್ದನೆಯ ಮೂತಿ ನೋಡಿದವರು ಇನ್ನೂ ಜಾಸ್ತಿ ಅಂದುಕೊಳ್ಳುತ್ತಿದ್ದರು. ಜಾಗ್ವಾರ್ ಅನ್ನೋದು 1935ರಲ್ಲಿ ಬರೀ ಮಾಡೆಲ್ ಹೆಸರು, ಕಂಪನಿಯ ಹೆಸರಾಗಿದ್ದು 1945ರಲ್ಲಿ. ಪೂರ್ತಿ ಸ್ವಂತದ ಎಕ್ಸ್‌ಕೆ ಎಂಜಿನ್ ಬಂದದ್ದಂತೂ 1948ರಲ್ಲಿ!